ವಿದೇಶಕ್ಕೆ ಹೋದ ಮೇಲೆ ಭಾರತದ ಕ್ರಿಪ್ಟೊ ಖಾತೆ ನಿಂತುಹೋದರೆ ಏನು ಮಾಡಬೇಕು

ಬೆಂಗಳೂರಿನಲ್ಲಿದ್ದಾಗ ತೆರೆದ ಕ್ರಿಪ್ಟೊ ಖಾತೆ, ದುಬೈಗೋ ಸಿಂಗಪುರಕ್ಕೋ ಹೋಗಿ ಕೆಲವು ತಿಂಗಳಾದ ಮೇಲೆ ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಲಾಗಿನ್ ಆಗುತ್ತದೆ, ಬ್ಯಾಲೆನ್ಸ್ ಕಾಣುತ್ತದೆ, ಮಾರಲು ಹೋದರೆ ಮಾತ್ರ ಕೆವೈಸಿ ಮತ್ತೆ ಮಾಡಿ ಎನ್ನುತ್ತದೆ. ಬಹಳ ಮಂದಿ ಇದನ್ನು ಆ್ಯಪ್‌ನ ತೊಂದರೆ ಎಂದುಕೊಂಡು ವಿಪಿಎನ್ (ಇರುವ ದೇಶ ಮರೆಮಾಚುವ ಸಾಫ್ಟ್‌ವೇರ್) ಹಾಕಿ ಪ್ರಯತ್ನಿಸುತ್ತಾರೆ. ಅದು ತಪ್ಪು ದಾರಿ. ಖಾತೆ ನಿಲ್ಲುವುದಕ್ಕೆ ಮುಖ್ಯ ಕಾರಣ ತೆರಿಗೆ ಕಾಯ್ದೆಯಲ್ಲಿದೆ. ಅದು ಅರ್ಥವಾದರೆ ಯಾರಿಗೆ ಏನು ಬರೆಯಬೇಕು, ಯಾವ ಕಾಗದ ಮೊದಲು ಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ಒಂದು ಸೂಚನೆ: ಇಲ್ಲಿ ಕೊಟ್ಟಿರುವ ಸೆಕ್ಷನ್ ಮತ್ತು ಫಾರಂ ಸಂಖ್ಯೆಗಳು 1961ರ ಕಾಯ್ದೆಯ ಕಾಲದವು. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯಲ್ಲಿದ್ದು ಸಂಖ್ಯೆಗಳು ಬದಲಾಗಿವೆ. ಆದರೆ ಸಿಎಗಳೂ ಎಕ್ಸ್‌ಚೇಂಜಿನವರೂ (ಕ್ರಿಪ್ಟೊ ಕೊಂಡು ಮಾರುವ ಆನ್‌ಲೈನ್ ಮಾರುಕಟ್ಟೆಯವರು) ಮಾತನಾಡುವುದು ಹಳೆಯ ಸಂಖ್ಯೆಗಳಲ್ಲೇ.

ಎಕ್ಸ್‌ಚೇಂಜ್ ಬಾಗಿಲು ಹಾಕುವುದೇಕೆ

2022ರ ಏಪ್ರಿಲ್ 1ರಿಂದ ಕ್ರಿಪ್ಟೊ ಲಾಭಕ್ಕೆ 115ಬಿಬಿಎಚ್ ಸೆಕ್ಷನ್ ಅಡಿಯಲ್ಲಿ ಶೇ. 30 ತೆರಿಗೆ, ಅದರ ಮೇಲೆ ಶೇ. 4 ಸೆಸ್. ಕೊಂಡ ಬೆಲೆಯ ಹೊರತು ಬೇರೆ ಯಾವ ಖರ್ಚನ್ನೂ ಕಳೆಯುವಂತಿಲ್ಲ. ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭಕ್ಕೆ ಹೊಂದಿಸುವಂತಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವಂತೆಯೂ ಇಲ್ಲ. ಇಷ್ಟು ಎಲ್ಲರಿಗೂ ಒಂದೇ. ವ್ಯತ್ಯಾಸ ಬರುವುದು ಟಿಡಿಎಸ್‌ನಲ್ಲಿ, ಅಂದರೆ ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆಯಲ್ಲಿ.

2022ರ ಜುಲೈ 1ರಿಂದ ಜಾರಿಗೆ ಬಂದ 194ಎಸ್ ಪ್ರಕಾರ ಮಾರಾಟದ ಮೊತ್ತದ ಮೇಲೆ ಶೇ. 1 ಮುರಿದುಕೊಳ್ಳಬೇಕು. ಆದರೆ ಆ ಸೆಕ್ಷನ್ ಹೇಳುವುದು ‘ನಿವಾಸಿ’ಗೆ ಕೊಡುವ ಹಣದ ಬಗ್ಗೆ ಮಾತ್ರ. ಮಾರುವವರು ಅನಿವಾಸಿಯಾದರೆ 195ನೇ ಸೆಕ್ಷನ್ ಬರುತ್ತದೆ. ಅದರಲ್ಲಿ ಸೆಸ್ ಸೇರಿ ಶೇ. 31.2 ಮುರಿಯಬೇಕು. ಒಂದು ಲೆಕ್ಕ ನೋಡಿ. 4,00,000 ರೂಪಾಯಿಗೆ ಕೊಂಡ ಬಿಟ್‌ಕಾಯಿನ್ ಅನ್ನು 7,00,000ಕ್ಕೆ ಮಾರಿದಿರಿ. ಲಾಭ 3,00,000, ತೆರಿಗೆ 90,000, ಸೆಸ್ 3,600, ಒಟ್ಟು 93,600. ನಿವಾಸಿಯಾಗಿದ್ದರೆ ಮಾರಿದ ಗಳಿಗೆಯಲ್ಲಿ ಹೋಗುವುದು 7,000 ಮಾತ್ರ, ಉಳಿದದ್ದನ್ನು ನೀವೇ ಕಟ್ಟುತ್ತೀರಿ. ಅನಿವಾಸಿಯಾಗಿದ್ದರೆ ಲಾಭಕ್ಕೆ ತಕ್ಕಂತೆ ಆಗಲೇ ಮುರಿಯಬೇಕು. ಆದರೆ ನೀವು ಎಷ್ಟಕ್ಕೆ ಕೊಂಡಿದ್ದಿರಿ ಎಂಬುದು ಆರ್ಡರ್ ಬುಕ್‌ನ (ಕೊಳ್ಳುವ-ಮಾರುವ ಬೇಡಿಕೆಗಳ ಪಟ್ಟಿಯ) ಆ ಕಡೆಯಿರುವ ಅಪರಿಚಿತ ಖರೀದಿದಾರರಿಗೆ ಗೊತ್ತಿರುವುದಿಲ್ಲ. ಎಷ್ಟು ಮುರಿಯಬೇಕು ಎಂದು ಹೇಳುವ ತೆರಿಗೆ ಅಧಿಕಾರಿಯ ಪ್ರಮಾಣಪತ್ರ ಇಲ್ಲದಿದ್ದರೆ ಪೂರ್ತಿ 7,00,000ದ ಮೇಲೆ, ಅಂದರೆ 2,18,400 ಮುರಿಯುವುದೇ ಅವರ ಪಾಲಿಗೆ ಸುರಕ್ಷಿತ. ಸೆಕೆಂಡಿಗೆ ನೂರಾರು ವ್ಯವಹಾರ ನಡೆಯುವ ಕಡೆ ಇದನ್ನು ಒಬ್ಬೊಬ್ಬರಿಗೂ ಮಾಡಲಾಗದು. ತಪ್ಪಿದರೆ ಹೊಣೆ ಮುರಿಯಬೇಕಾದವರ ತಲೆಗೆ. ಹಾಗಾಗಿ ಅನಿವಾಸಿಗಳೇ ಬೇಡ ಎಂದು ಷರತ್ತುಗಳಲ್ಲಿ ಬರೆದುಕೊಳ್ಳುವುದು ಎಕ್ಸ್‌ಚೇಂಜಿಗೆ ಸುಲಭ.

2023ರ ಮಾರ್ಚ್ 7ರ ಅಧಿಸೂಚನೆಯಿಂದ ಎಕ್ಸ್‌ಚೇಂಜುಗಳು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೂ ಬಂದವು. ಗ್ರಾಹಕರ ವಿಳಾಸ, ಬ್ಯಾಂಕ್ ಖಾತೆ ನಿಜವೇ ಎಂದು ಆಗಾಗ ನೋಡಲೇಬೇಕು. ಆಧಾರ್‌ನಲ್ಲಿ ಜಯನಗರ, ಲಾಗಿನ್ ದೋಹಾದಿಂದ ಎಂದಾದಾಗ ಖಾತೆ ತಡೆಹಿಡಿಯಲಾಗುತ್ತದೆ.

ಹೊರಡುವ ಮುಂಚೆ

ಇನ್ನೂ ವಿಮಾನ ಹತ್ತಿಲ್ಲದಿದ್ದರೆ ನಿಮ್ಮ ಕೆಲಸ ಅರ್ಧ ಹಗುರ. ಮೊದಲು ದಿನ ಎಣಿಸಿ. ಕೆಲಸಕ್ಕಾಗಿ ವಿದೇಶಕ್ಕೆ ಹೋಗುವ ಭಾರತೀಯ ನಾಗರಿಕರು ಆ ಹಣಕಾಸು ವರ್ಷದಲ್ಲಿ 182 ದಿನ ಅಥವಾ ಹೆಚ್ಚು ಭಾರತದಲ್ಲಿದ್ದರೆ ಇಡೀ ವರ್ಷಕ್ಕೆ ನಿವಾಸಿ. ಏಪ್ರಿಲ್ 1ರಿಂದ ಇಲ್ಲೇ ಇದ್ದವರಿಗೆ 182ನೇ ದಿನ ಬೀಳುವುದು ಸೆಪ್ಟೆಂಬರ್ 29ಕ್ಕೆ. ನವೆಂಬರ್‌ನಲ್ಲಿ ಹೊರಟವರು ಮಾರ್ಚ್ 31ರವರೆಗೂ ತೆರಿಗೆಯ ಮಟ್ಟಿಗೆ ನಿವಾಸಿಯೇ. ಫೆಮಾ (ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ) ಲೆಕ್ಕ ಬೇರೆ: ಕೆಲಸಕ್ಕೆಂದು ದೇಶ ಬಿಟ್ಟ ದಿನದಿಂದಲೇ ಅಲ್ಲಿ ನೀವು ಅನಿವಾಸಿ, ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಅನಿವಾಸಿಗಳ ರೂಪಾಯಿ ಖಾತೆ) ಮಾಡಿಸಬೇಕು. ಈ ಎರಡನ್ನೂ ಒಂದೇ ಎಂದು ಗೊಂದಲ ಮಾಡಿಕೊಂಡು ಎಕ್ಸ್‌ಚೇಂಜಿಗೆ ಅರೆಬರೆ ಉತ್ತರ ಕೊಡುವವರೇ ಹೆಚ್ಚು ಸಿಕ್ಕಿಹಾಕಿಕೊಳ್ಳುವುದು.

ನಮ್ಮ ಸಲಹೆ ನೇರ: ಇಟ್ಟುಕೊಳ್ಳಲು ಬಲವಾದ ಕಾರಣ ಇಲ್ಲದಿದ್ದರೆ ನಿವಾಸಿಯಾಗಿರುವಾಗಲೇ ಮಾರಿ, ಶೇ. 1ರ ಟಿಡಿಎಸ್‌ನಲ್ಲಿ ಹೊರಬನ್ನಿ. ಉಳಿಸಿಕೊಳ್ಳುವುದಾದರೆ, ಎಕ್ಸ್‌ಚೇಂಜ್ ಅವಕಾಶ ಕೊಟ್ಟರೆ, ನಿಮ್ಮದೇ ವಾಲೆಟ್‌ಗೆ (ಕೀಲಿ ನಿಮ್ಮ ಕೈಯಲ್ಲೇ ಇರುವ ಡಿಜಿಟಲ್ ಪರ್ಸ್) ಸರಿಸಿ. ನಿಮ್ಮ ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹೋಗುವುದು ಮಾರಾಟವಲ್ಲ, ಅದಕ್ಕೆ ತೆರಿಗೆ ಇಲ್ಲ. ಆದರೆ ಟ್ರಾನ್ಸಾಕ್ಷನ್ ಹ್ಯಾಶ್ (ಆ ವರ್ಗಾವಣೆಯ ಗುರುತಿನ ಸಂಖ್ಯೆ), ದಿನಾಂಕ, ಅಂದಿನ ಬೆಲೆ ಬರೆದಿಟ್ಟುಕೊಳ್ಳಿ. ಎರಡರಲ್ಲಿ ಯಾವುದನ್ನೇ ಮಾಡಿದರೂ ಖಾತೆ ತೆರೆದ ದಿನದಿಂದ ಈವರೆಗಿನ ಖರೀದಿ-ಮಾರಾಟ ಪಟ್ಟಿ, ಠೇವಣಿ-ಹಿಂಪಡೆತದ ಪಟ್ಟಿ, ಟಿಡಿಎಸ್ ಪ್ರಮಾಣಪತ್ರಗಳನ್ನು ಇಳಿಸಿಕೊಳ್ಳಿ. ಖಾತೆ ಮುಚ್ಚಿದ ಮೇಲೆ ಕೊಂಡ ಬೆಲೆಗೆ ಪುರಾವೆ ಇಲ್ಲದಿದ್ದರೆ ಮಾರಿದ ಮೊತ್ತವೆಲ್ಲ ಲಾಭವೆಂದೇ ಎಣಿಕೆಯಾಗುವ ಅಪಾಯವಿದೆ.

ಊರಿನ ಸಿಮ್ ಸಾಯಲು ಬಿಡಬೇಡಿ. ಆಧಾರ್, ಬ್ಯಾಂಕ್, ಎಕ್ಸ್‌ಚೇಂಜ್ ಮೂರರ ಒಟಿಪಿಯೂ ಅದಕ್ಕೇ ಬರುತ್ತದೆ. ಅಂತರರಾಷ್ಟ್ರೀಯ ರೋಮಿಂಗ್ ಶುರುಮಾಡಿಸಿ, ರೀಚಾರ್ಜ್ ತಪ್ಪಿಸಬೇಡಿ.

ಖಾತೆ ಈಗಾಗಲೇ ನಿಂತಿದ್ದರೆ

ಎಕ್ಸ್‌ಚೇಂಜಿಗೆ ದೂರು ಬರೆಯುವ ಮುಂಚೆ ಪ್ಯಾನ್ ನೋಡಿ. ಇದನ್ನು ಬಿಟ್ಟವರು ಮೂರು ತಿಂಗಳು ವ್ಯರ್ಥ ಓಡಾಡುತ್ತಾರೆ. ಪ್ಯಾನ್-ಆಧಾರ್ ಜೋಡಣೆಯ ಗಡುವು 2023ರ ಜೂನ್ 30ಕ್ಕೆ ಮುಗಿಯಿತು. ಅನಿವಾಸಿಗಳಿಗೆ ಜೋಡಣೆಯಿಂದ ವಿನಾಯಿತಿ ಇದ್ದರೂ, ಇಲಾಖೆಯ ದಾಖಲೆಯಲ್ಲಿ ನೀವು ಇನ್ನೂ ನಿವಾಸಿ ಎಂದಿದ್ದರೆ, ಜೋಡಿಸದ ಪ್ಯಾನ್ ನಿಷ್ಕ್ರಿಯವಾಗಿರುತ್ತದೆ. ಆಗ ನಿವಾಸಿಯ ಶೇ. 1ರ ಟಿಡಿಎಸ್ ಶೇ. 20ಕ್ಕೆ ಏರುತ್ತದೆ, ರೀಫಂಡ್ ಬರುವುದಿಲ್ಲ, ಎಕ್ಸ್‌ಚೇಂಜಿನ ಕೆವೈಸಿಯೂ ದಾಟುವುದಿಲ್ಲ. ಇ-ಫೈಲಿಂಗ್ ಪೋರ್ಟಲ್‌ನ ಪ್ರೊಫೈಲ್‌ನಲ್ಲಿ ನಿವಾಸ ಸ್ಥಿತಿ ಸರಿಪಡಿಸಿ. ಆದರೂ ನಿಷ್ಕ್ರಿಯ ಎಂದೇ ತೋರಿಸಿದರೆ ಪಾಸ್‌ಪೋರ್ಟ್ ಪ್ರತಿಯೊಂದಿಗೆ ನಿಮ್ಮ ವ್ಯಾಪ್ತಿಯ ತೆರಿಗೆ ಅಧಿಕಾರಿಗೆ ಬರೆಯಿರಿ.

ಎರಡನೆಯದು ಬ್ಯಾಂಕ್. ಎಕ್ಸ್‌ಚೇಂಜಿಗೆ ಜೋಡಿಸಿದ ಹಳೆಯ ಉಳಿತಾಯ ಖಾತೆ ಎನ್‌ಆರ್‌ಒ ಆದಾಗ ಖಾತೆ ಸಂಖ್ಯೆ ಬದಲಾಗಿರಬಹುದು. ಪರಿಶೀಲನೆಗೆಂದು ಎಕ್ಸ್‌ಚೇಂಜ್ ಕಳಿಸುವ ಒಂದು ರೂಪಾಯಿ ವಾಪಸಾದರೆ ಅಥವಾ ಬ್ಯಾಂಕಿನಲ್ಲಿರುವ ಹೆಸರು ಪ್ಯಾನ್‌ನಲ್ಲಿರುವ ಹೆಸರಿಗೆ ಹೊಂದದಿದ್ದರೆ (ಒಂದರಲ್ಲಿ ತಂದೆಯ ಹೆಸರು ಪೂರ್ತಿ, ಇನ್ನೊಂದರಲ್ಲಿ ಇನಿಷಿಯಲ್) ಹಣ ತೆಗೆಯುವ ದಾರಿ ಮುಚ್ಚುತ್ತದೆ. ನಮ್ಮ ಕಡೆಯ ಹೆಸರುಗಳಲ್ಲಿ ಈ ಇನಿಷಿಯಲ್ ತಕರಾರು ಬಹಳ.

ಈಗ ಎಕ್ಸ್‌ಚೇಂಜಿಗೆ ಬರೆಯಿರಿ. ‘ಖಾತೆ ಓಪನ್ ಮಾಡಿಕೊಡಿ’ ಎಂದರೆ ಷರತ್ತಿನಲ್ಲಿಲ್ಲ ಎಂಬ ಸಿದ್ಧ ಉತ್ತರ ಬರುತ್ತದೆ. ಹೊಸದಾಗಿ ಕೊಳ್ಳುವುದಿಲ್ಲ, ಇರುವುದನ್ನು ಮಾರಿ ಎನ್‌ಆರ್‌ಒ ಖಾತೆಗೆ ಪಡೆಯಲು ಅಥವಾ ಸ್ವಂತ ವಾಲೆಟ್‌ಗೆ ಕಳಿಸಲು ಒಮ್ಮೆ ಮಾತ್ರ ಅವಕಾಶ ಬೇಕು ಎಂದು ಕೇಳಿ. ಯಾವ ದಿನಾಂಕದಿಂದ ಅನಿವಾಸಿ ಎಂದು ಬರೆಯಿರಿ. ಪಾಸ್‌ಪೋರ್ಟ್‌ನ ಮೊದಲ-ಕೊನೆಯ ಪುಟ, ವೀಸಾ ಅಥವಾ ಅಲ್ಲಿನ ನಿವಾಸ ಕಾರ್ಡ್, ವಿದೇಶಿ ವಿಳಾಸದ ಪುರಾವೆ, ಎನ್‌ಆರ್‌ಒ ಖಾತೆಯ ರದ್ದುಮಾಡಿದ ಚೆಕ್ ಲಗತ್ತಿಸಿ. ಯಾವ ಸೆಕ್ಷನ್ ಅಡಿ, ಯಾವ ದರದಲ್ಲಿ ಟಿಡಿಎಸ್ ಮುರಿಯುತ್ತೀರಿ ಎಂಬುದನ್ನು ಮಾರುವ ಮುಂಚೆಯೇ ಲಿಖಿತವಾಗಿ ತಿಳಿಸಲು ಕೇಳಿ. ಚಾಟ್‌ನಲ್ಲಿ ಬೇಡ, ಇಮೇಲ್‌ನಲ್ಲೇ ನಡೆಸಿ. ಉತ್ತರ ಬಾರದಿದ್ದರೆ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಹತ್ತಿರ ಹೋಗಿ ಪ್ರಯೋಜನವಿಲ್ಲ, ಕ್ರಿಪ್ಟೊ ಎಕ್ಸ್‌ಚೇಂಜ್ ಅವರ ವ್ಯಾಪ್ತಿಗೆ ಬರುವುದಿಲ್ಲ. ಉಳಿಯುವುದು 2019ರ ಗ್ರಾಹಕ ರಕ್ಷಣಾ ಕಾಯ್ದೆಯ ದಾರಿ. ಆನ್‌ಲೈನ್‌ನಲ್ಲೇ ದೂರು ಕೊಡಬಹುದು.

ಹಣ ಕೈಗೆ ಬಂದ ಮೇಲೆ

ಹೆಚ್ಚು ಮುರಿದಿದ್ದರೆ ವಾಪಸ್ ಪಡೆಯಲು ರಿಟರ್ನ್ ಒಂದೇ ದಾರಿ. ಅನಿವಾಸಿಗೆ ಐಟಿಆರ್-1 ನಡೆಯುವುದಿಲ್ಲ. ವ್ಯಾಪಾರದ ಆದಾಯ ಇಲ್ಲದವರು ಐಟಿಆರ್-2 ತುಂಬಿ, ಶೆಡ್ಯೂಲ್ ವಿಡಿಎಯಲ್ಲಿ (ಕ್ರಿಪ್ಟೊ ವಿವರದ ಭಾಗ) ಪ್ರತಿ ಮಾರಾಟದ ದಿನಾಂಕ, ಕೊಂಡ ಬೆಲೆ, ಮಾರಿದ ಬೆಲೆ ಬರೆಯಬೇಕು. ಮೇಲಿನ ಉದಾಹರಣೆಯಲ್ಲಿ 2,18,400 ಮುರಿದಿದ್ದು, ಬೇರೆ ಆದಾಯವಿಲ್ಲದಿದ್ದರೆ 1,24,800 ರೂಪಾಯಿ ಹಿಂದಿರುಗಬೇಕು. ಕನಿಷ್ಠ ವಿನಾಯಿತಿ ಮಿತಿ ಈ ಲಾಭಕ್ಕೆ ಅನ್ವಯಿಸದು.

ಯುಎಇಯಲ್ಲಿರುವವರು ದ್ವಿತೆರಿಗೆ ತಡೆ ಒಪ್ಪಂದದ 13ನೇ ವಿಧಿಯ ಮೇಲೆ ವಾದ ಮಾಡಲು ಸಾಧ್ಯವಿದೆ: ಪ್ರತ್ಯೇಕವಾಗಿ ಹೆಸರಿಸದ ಆಸ್ತಿಯ ಲಾಭಕ್ಕೆ ಮಾರಿದವರು ವಾಸವಿರುವ ದೇಶದಲ್ಲಷ್ಟೇ ತೆರಿಗೆ ಎನ್ನುತ್ತದೆ ಅದು. ಅದಕ್ಕೆ ಅಲ್ಲಿನ ತೆರಿಗೆ ನಿವಾಸ ಪ್ರಮಾಣಪತ್ರವೂ ಒಪ್ಪಂದದ ಲಾಭಕ್ಕಾಗಿ ನೀವೇ ಸಲ್ಲಿಸುವ ಘೋಷಣೆ ಫಾರಂ 10ಎಫ್ ಕೂಡ ಬೇಕು. ಎಕ್ಸ್‌ಚೇಂಜ್ ತಾನಾಗಿ ಇದನ್ನು ಒಪ್ಪುವುದು ಅಪರೂಪ, ರಿಟರ್ನ್‌ನಲ್ಲೇ ಕೇಳಬೇಕು. ಅನಿವಾಸಿ ತೆರಿಗೆಯಲ್ಲಿ ಪಳಗಿದ ಸಿಎ ಇಲ್ಲದೆ ಕೈಹಾಕಬೇಡಿ. ಇನ್ನೊಂದು ಎಚ್ಚರ: ವಿದೇಶಿ ಗಳಿಕೆ ಬಿಟ್ಟು ಉಳಿದ ಆದಾಯ 15 ಲಕ್ಷ ಮೀರಿ, ಬೇರೆ ಯಾವ ದೇಶದಲ್ಲೂ ತೆರಿಗೆಗೆ ಒಳಪಡದ ಭಾರತೀಯ ನಾಗರಿಕರನ್ನು ಕಾಯ್ದೆಯೇ ನಿವಾಸಿ ಎಂದು ಪರಿಗಣಿಸುತ್ತದೆ. ಊರಲ್ಲಿ ದೊಡ್ಡ ಬಾಡಿಗೆ ಬರುವ ಕೊಲ್ಲಿ ನಿವಾಸಿಗಳು ಇದನ್ನು ನೋಡಲೇಬೇಕು.

ಎನ್‌ಆರ್‌ಒ ಖಾತೆಯಿಂದ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದು. ಬ್ಯಾಂಕ್ ಫಾರಂ 15ಸಿಎ (ಕಳಿಸುವವರ ಘೋಷಣೆ), 15ಸಿಬಿ (ಸಿಎ ಪ್ರಮಾಣಪತ್ರ) ಕೇಳುತ್ತದೆ. ಹಣದ ಮೂಲ ಕ್ರಿಪ್ಟೊ ಎಂದಾಗ ಶಾಖೆಯವರು ಹಿಂಜರಿಯುತ್ತಾರೆ. ಮಾರಾಟದ ಪಟ್ಟಿ, ಟಿಡಿಎಸ್ ಪ್ರಮಾಣಪತ್ರ, ಸಲ್ಲಿಸಿದ ರಿಟರ್ನ್ ಮೂರನ್ನೂ ಒಟ್ಟಿಗೆ ಕೊಡಿ.

ಅವಸರಕ್ಕೆ ಬಿದ್ದು ಪಿ2ಪಿಯಲ್ಲಿ, ಅಂದರೆ ನೇರವಾಗಿ ಇನ್ನೊಬ್ಬ ವ್ಯಕ್ತಿಗೆ, ಮಾರಬೇಡಿ. ಕೊಂಡವರು ಕಳಿಸಿದ ರೂಪಾಯಿ ಯಾವುದೋ ವಂಚನೆಯ ಹಣವಾಗಿದ್ದರೆ, ಎಲ್ಲೋ ಒಂದು ರಾಜ್ಯದ ಸೈಬರ್ ಪೊಲೀಸರು ನಿಮ್ಮ ಬ್ಯಾಂಕ್ ಖಾತೆಗೆ ತಡೆ ಹಾಕಿಸುತ್ತಾರೆ. ದೋಹಾದಲ್ಲಿ ಕುಳಿತು ಆ ಠಾಣೆಗೆ ಉತ್ತರ ಕೊಡುವುದು ಯಮಯಾತನೆ. ಅಪ್ಪನ ಹೆಸರಿನ ಖಾತೆಯಲ್ಲಿ ನಿಮ್ಮ ದುಡ್ಡು ತಿರುಗಿಸುವುದೂ ಬೇಡ: ಕೆವೈಸಿ ಷರತ್ತಿನ ಉಲ್ಲಂಘನೆ ಅದು, ನೋಟಿಸ್ ಬಂದರೆ ಉತ್ತರಿಸಬೇಕಾದವರು ಆ ವಯಸ್ಸಿನಲ್ಲಿ ಅವರು.

ಇನ್ನು ಮೇಲೆ ಎಕ್ಸ್‌ಚೇಂಜ್ ನಿಮ್ಮ ತೆರಿಗೆ ನಿವಾಸ ಯಾವ ದೇಶ ಎಂದು ಸ್ವಯಂಘೋಷಣೆ ಕೇಳುವುದು ಹೆಚ್ಚಾಗಲಿದೆ. ಹಲವು ದೇಶಗಳ ಆರ್ಥಿಕ ಸಂಘಟನೆಯಾದ ಒಇಸಿಡಿಯ ‘ಕಾರ್ಫ್’ (ಕ್ರಿಪ್ಟೊ ಮಾಹಿತಿ ವರದಿಯ ಚೌಕಟ್ಟು) ವ್ಯವಸ್ಥೆಯಲ್ಲಿ ದೇಶಗಳು ಕ್ರಿಪ್ಟೊ ವ್ಯವಹಾರದ ವಿವರಗಳನ್ನು ಪರಸ್ಪರ ಹಂಚಿಕೊಳ್ಳುತ್ತವೆ; ಭಾರತ, ಬ್ರಿಟನ್ ಸೇರಿ ಹಲವು ದೇಶಗಳ ಗುರಿ 2027, ಯುಎಇ ಮತ್ತು ಸಿಂಗಪುರದ್ದು 2028. ಆ ಫಾರಂನಲ್ಲಿ ಬರೆಯುವ ದೇಶ, ಭಾರತದ ರಿಟರ್ನ್‌ನಲ್ಲಿ ಹೇಳಿದ ನಿವಾಸ ಸ್ಥಿತಿ, ಬ್ಯಾಂಕ್ ಖಾತೆಯ ವರ್ಗ ಈ ಮೂರೂ ಒಂದಕ್ಕೊಂದು ಹೊಂದಬೇಕು. ಅಮೆರಿಕದ ನಾಗರಿಕರೋ ಗ್ರೀನ್ ಕಾರ್ಡ್‌ದಾರರೋ ಆಗಿದ್ದರೆ, ಬೆಂಗಳೂರಿಗೆ ವಾಪಸಾಗಿದ್ದರೂ ಅಮೆರಿಕದ ಟ್ಯಾಕ್ಸ್ ನಂಬರ್ ಕೊಡದೆ ಆ ಫಾರಂ ಪೂರ್ತಿಯಾಗದು.