ರಾಯಚೂರಿನಿಂದ ಧಾರವಾಡಕ್ಕೆ: ಎರೆ ಸೀಮೆಯಲ್ಲಿ ಗಾಳಿ ಬೆನ್ನಿಗಿಟ್ಟುಕೊಂಡು ಸೈಕಲ್ ತುಳಿದ ನನ್ನ ಅನುಭವ

ಈ ದಾರಿಯ ಬಗ್ಗೆ ಸೈಕಲ್ ತುಳಿಯುವವರೆಲ್ಲ ಹೇಳುವುದು ಒಂದೇ ಮಾತು. ಧಾರವಾಡ ಎತ್ತರ, ರಾಯಚೂರು ತಗ್ಗು, ಹಾಗಾಗಿ ಧಾರವಾಡದಿಂದಲೇ ಹೊರಡಬೇಕು. ನಾವು ಡಿಸೆಂಬರಿನಲ್ಲಿ ಉಲ್ಟಾ ಮಾಡಿದೆವು. ರಾಯಚೂರಿನಿಂದ ಹೊರಟು ಧಾರವಾಡಕ್ಕೆ ಬಂದೆವು. ಹದಿನೈದು ಜನರ ಆಸುಪಾಸು, ಅರ್ಧಕ್ಕಿಂತ ಜಾಸ್ತಿ ಮಂದಿ ನಲವತ್ತೈದು ದಾಟಿದವರು. ಹಿಂದೆ ಸಾಮಾನು ಹೊತ್ತು ಬರುವ ಗಾಡಿ ಇಲ್ಲ. ಹೊರಟವರೆಲ್ಲ ಮುಟ್ಟಿದರು, ಒಬ್ಬರೂ ಬಸ್ ಹತ್ತಲಿಲ್ಲ. ಈ ದಾರಿಯಲ್ಲಿ ಇಷ್ಟು ದೊಡ್ಡ ಗುಂಪು ಇಡಿಯಾಗಿ ಮುಟ್ಟಿದ್ದನ್ನು ನಾನಂತೂ ಬೇರೆ ಕಂಡಿಲ್ಲ.

ಲೆಕ್ಕ ಸರಳ. ರಾಯಚೂರು ಸಮುದ್ರಮಟ್ಟದಿಂದ 400 ಮೀಟರ್ ಹತ್ತಿರ, ಧಾರವಾಡ 750ರ ಹತ್ತಿರ. ನಡುವಿನ ದಾರಿ ಸುಮಾರು 300 ಕಿಲೋಮೀಟರ್. ಅಂದರೆ ಕಿಲೋಮೀಟರಿಗೆ ಒಂದು ಮೀಟರಿಗಿಂತ ಸ್ವಲ್ಪ ಜಾಸ್ತಿ ಏರು. ಕಾಲಿಗೆ ಅದು ಗೊತ್ತೇ ಆಗುವುದಿಲ್ಲ. ಆದರೆ ಡಿಸೆಂಬರ್, ಜನವರಿಯಲ್ಲಿ ಈ ಬಯಲಿನಲ್ಲಿ ಮೂಡಣ ಗಾಳಿ ಬೀಸುತ್ತದೆ. ಅದು ಎದುರಿಗೆ ಬಂದರೆ ಗಂಟೆಗೆ ಐದಾರು ಕಿಲೋಮೀಟರ್ ವೇಗ ಹೋಯಿತು ಅಂತಲೇ ತಿಳಿಯಿರಿ. ಇಡೀ ದಿನ ತುಳಿಯುವವನಿಗೆ ಅದೇ ದೊಡ್ಡ ಗುಡ್ಡ.

ಮೊದಲ ಸಲ ಎಲ್ಲರೂ ಹೇಳಿದ ಕ್ರಮದಲ್ಲೇ ಧಾರವಾಡದಿಂದ ಪೂರ್ವಕ್ಕೆ ಹೊರಟಿದ್ದೆವು. ಅದೂ ಡಿಸೆಂಬರೇ. ಅಣ್ಣಿಗೇರಿ ದಾಟುವ ಹೊತ್ತಿಗೆ ಗಾಳಿ ಎದೆಗೆ ಬಂತು. ಗಟ್ಟಿಗರು ಗಂಟೆಗೆ 24 ಕಿಲೋಮೀಟರ್ ವೇಗದಲ್ಲಿ ಎಳೆದುಕೊಂಡು ಹೋದರು, ಉಳಿದವರು 12ರಲ್ಲಿ ತೆವಳಿದರು. ಗದಗ ಸೇರುವಾಗ ಗುಂಪು ಮೂರು ತುಂಡು. ಕೊಪ್ಪಳದಲ್ಲಿ ಅರ್ಧ ಜನ ಸೈಕಲ್‌ಗಳನ್ನು ಬಸ್ ಮೇಲೆ ಹಾಕಿ ಮನೆಗೆ ಹೋದರು. ಆಮೇಲೆ ಜುಲೈಯಲ್ಲಿ ನೋಡಿದೆವು. ಪಡುವಣ ಗಾಳಿ ಬೆನ್ನಿಗೆ ಸಿಕ್ಕಿತು, ಹಾರಿಕೊಂಡು ಹೋದೆವು. ಆದರೆ ನವಲಗುಂದದ ಕಡೆ ಬೆಣ್ಣೆಹಳ್ಳ ಉಕ್ಕಿ ದಾರಿಯೇ ಮುಚ್ಚಿತು. ಮಳೆಗಾಲದ ಗಾಳಿ ನಮ್ಮ ಕಡೆ, ನೆಲ ನಮ್ಮ ಕಡೆ ಅಲ್ಲ. ಚಳಿಗಾಲದಲ್ಲಿ ನೆಲ ಒಣಗಿರುತ್ತದೆ, ಗಾಳಿ ತಿರುಗಿರುತ್ತದೆ. ಹಾಗಿದ್ದ ಮೇಲೆ ನಾವು ದಿಕ್ಕು ತಿರುಗಿಸಬೇಕು, ಅಷ್ಟೇ. ಇದನ್ನು ಹೇಳಿದಾಗ ಹಳೆಯ ಸವಾರರು ‘ಏರು ತುಳಿಯೋಕೆ ದುಡ್ಡು ಕೊಟ್ಟು ರಾಯಚೂರಿಗೆ ಹೋಗ್ತೀರಾ?’ ಅಂತ ಕೇಳಿದರು. ಹೌದು, ಹೋದೆವು.

ಗಾಳಿಯ ದಿಕ್ಕು ನೋಡಲು ಮೊಬೈಲ್ ಬೇಡ. ಗದಗದ ಸುತ್ತ, ಕಪ್ಪತಗುಡ್ಡದ ಕಡೆ, ಎಷ್ಟೊಂದು ಗಾಳಿಯಂತ್ರಗಳಿವೆ. ಅವು ಯಾವಾಗಲೂ ಗಾಳಿ ಬರುವ ಕಡೆಗೆ ಮುಖ ತಿರುಗಿಸುತ್ತವೆ. ನಾನು ಈ ಸವಾರಿಗೂ ಹಿಂದಿನ ವರ್ಷದಿಂದ ಬಸ್ಸಿನಲ್ಲಿ ಓಡಾಡುವಾಗಲೆಲ್ಲ ಅವುಗಳ ಮುಖ ನೋಡಿ ಡೈರಿಯಲ್ಲಿ ಬರೆದಿಟ್ಟೆ. ನವೆಂಬರ್ ಮೊದಲಲ್ಲಿ ಗೊಂದಲ, ಡಿಸೆಂಬರ್ ಮಧ್ಯದ ಹೊತ್ತಿಗೆ ಹೆಚ್ಚುಕಮ್ಮಿ ಎಲ್ಲವೂ ಮೂಡಣಕ್ಕೆ. ನಮ್ಮ ತಾರೀಖು ನಿಂತಿದ್ದು ಈ ಡೈರಿಯ ಮೇಲೆ.

ಇನ್ನು ಸಾಲಿನ ವಿಷಯ. ಐದೈದು ಜನರ ಮೂರು ಸಾಲು. ಸಾಲಿಗೂ ಸಾಲಿಗೂ ಒಂದು ಲಾರಿ ನುಗ್ಗಿ ನಿಲ್ಲುವಷ್ಟು ಜಾಗ. ಸಿಂಧನೂರು, ಕಾರಟಗಿ ಭಾಗದಲ್ಲಿ ಭತ್ತದ ಟ್ರಾಲಿಗಳು ತುಂಬಾ, ಉದ್ದ ಸಾಲು ಕಟ್ಟಿದರೆ ಅವರು ದಾಟಲು ಆಗದೆ ನಮ್ಮನ್ನೇ ಅಂಚಿಗೆ ಒತ್ತುತ್ತಾರೆ. ಮುಂದಿನವರು ಪ್ರತಿ ಎರಡು ಕಿಲೋಮೀಟರ್ ಕಲ್ಲಿಗೆ ಬದಲು. ಎಲ್ಲರಿಗಿಂತ ನಿಧಾನದವರನ್ನು ಕೊನೆಗೆ ಹಾಕುವುದು ರೂಢಿ, ನಾನು ಅವರನ್ನು ಮೂರನೇ ಜಾಗದಲ್ಲಿಟ್ಟೆ. ಅವರ ಉಸಿರು ಮುಂದಿನವನ ಕಿವಿಗೆ ಬೀಳುತ್ತದೆ, ಅವನು ತಾನಾಗಿಯೇ ವೇಗ ಇಳಿಸುತ್ತಾನೆ. ಕೊನೆಗೆ ಗಟ್ಟಿಗ, ಕೊರಳಲ್ಲಿ ಸೀಟಿ. ಎಲ್ಲರ ಸೈಕಲ್ಲಿನಿಂದಲೂ ವೇಗದ ಮೀಟರ್ ತೆಗೆಸಿದೆ. ಇದಕ್ಕೆ ದೊಡ್ಡ ಜಗಳವೇ ಆಯಿತು. ಆದರೆ 17–18ರ ಮೇಲೆ ಸಾಲು ಹೋಗಲಿಲ್ಲ, ಒಡೆಯಲೂ ಇಲ್ಲ. ದಿನಕ್ಕೆ 60–65 ಕಿಲೋಮೀಟರ್ ಆರಾಮಾಗಿ ಬಂತು.

ಸಮತಟ್ಟು ನೆಲ ಸುಲಭ ಅಂತ ಹೇಳುವವರು ಅಲ್ಲಿ ತುಳಿದಿಲ್ಲ. ಘಟ್ಟದಲ್ಲಿ ಏರಿದ ಮೇಲೆ ಇಳಿಯುವಾಗ ಕಾಲಿಗೆ ರಜೆ. ಇಲ್ಲಿ ರಜೆ ಇಲ್ಲ. ಮಾನ್ವಿಯಿಂದ ಸಿಂಧನೂರಿಗೆ ಒಂದೇ ಭಂಗಿ, ಒಂದೇ ಗೇರು. ಮೊದಲ ದಿನವೇ ಬೆರಳು ಜೋಮು, ಕೂರುವ ಜಾಗ ಹುಣ್ಣು. ಸೀಟಿಗೆ ಜೆಲ್ ಕವರ್ ಹಾಕಿದವರಿಗೆ ಜಾಸ್ತಿ ನೋವು, ಅದು ಒಳಗೇ ಜಾರಾಡಿ ಉಜ್ಜುತ್ತದೆ. ಅದನ್ನು ಬಿಸಾಡಿಸಿ ಒಂದು ನಿಯಮ ಮಾಡಿದೆ: ಪ್ರತಿ ಕಿಲೋಮೀಟರ್ ಕಲ್ಲಿಗೆ ಒಂದು ಗೇರ್ ಗಟ್ಟಿ ಮಾಡಿ, ಎದ್ದು ನಿಂತು ಇಪ್ಪತ್ತು ಸುತ್ತು ತುಳಿಯಬೇಕು. ಸೀಟಿ ಊದಿದರೆ ಎಲ್ಲರೂ ಏಳಬೇಕು. ಮೂರನೇ ದಿನಕ್ಕೆ ಹುಣ್ಣಿನ ಮಾತೇ ನಿಂತಿತು. ಹುಣ್ಣಿಗೆ ಹಚ್ಚಿದ ಎಣ್ಣೆಯ ವಿಷಯ ನಮ್ಮ ಗುಂಪಿನೊಳಗೇ ಇರಲಿ.

ಪಂಕ್ಚರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಈ ಸೀಮೆಯಲ್ಲಿ ಎರಡು ಶತ್ರುಗಳು. ಒಂದು ನೆಗ್ಗಿನ ಮುಳ್ಳು, ಇನ್ನೊಂದು ಬಳ್ಳಾರಿ ಜಾಲಿ. ನೆಗ್ಗಿನದು ಸಣ್ಣ ತೂತು, ಟ್ಯೂಬಿನೊಳಗೆ ಸೀಲೆಂಟ್ (ತೂತು ಮುಚ್ಚುವ ದ್ರವ) ಹಾಕಿದರೆ ಮುಚ್ಚಿಕೊಳ್ಳುತ್ತದೆ. ಜಾಲಿ ಮುಳ್ಳು ಆರಪಾರ ಹೋಗುತ್ತದೆ, ಅದಕ್ಕೆ ಯಾವ ಸೀಲೆಂಟೂ ಇಲ್ಲ. ಮುನ್ನೂರು ನಾನೂರು ರೂಪಾಯಿಯ ಲೈನರ್ (ಟೈರಿನ ಒಳಗೆ ಹಾಸುವ ಪಟ್ಟಿ) ತಂದವರ ಟ್ಯೂಬನ್ನು ಲೈನರಿನ ಅಂಚೇ ಕತ್ತರಿಸಿತು. ನಾನು ಹಳೇ ಟ್ಯೂಬನ್ನು ಉದ್ದಕ್ಕೆ ಸೀಳಿ, ವಾಲ್ವ್ ಕತ್ತರಿಸಿ, ಟೈರಿಗೂ ಹೊಸ ಟ್ಯೂಬಿಗೂ ನಡುವೆ ಹಾಸಿದೆ. ಖರ್ಚು ಸೊನ್ನೆ. ನನ್ನ ಸೈಕಲ್ಲಿಗೆ ದಾರಿಯುದ್ದಕ್ಕೂ ಒಂದೇ ಪಂಕ್ಚರ್. ಸ್ವಲ್ಪ ಭಾರ ಆಗುತ್ತದೆ, ಗಾಳಿ ಬೆನ್ನಿಗಿದ್ದಾಗ ಅದು ಲೆಕ್ಕಕ್ಕಿಲ್ಲ.

ಎಲ್ಲರಿಗೂ 26 ಇಂಚಿನ ಚಕ್ರ, ದಪ್ಪ ವಾಲ್ವ್ ಇರಲೇಬೇಕು ಅಂತ ಹಠ ಹಿಡಿದಿದ್ದೆ. ದೊಡ್ಡ, ತೆಳು 700 ಸಿ ಚಕ್ರದವರು ಸಿಟ್ಟಾದರು, ಇಬ್ಬರು ಬರಲೇ ಇಲ್ಲ. ಕಾರಣ ಇದೆ. ಸರ್ಕಾರ 2006–07ರಿಂದ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದ ಮೇಲೆ ಹಳ್ಳಿ ಹಳ್ಳಿಯಲ್ಲಿ ಪಂಕ್ಚರ್ ಅಂಗಡಿ ಗಟ್ಟಿಯಾದವು. ಈಗ ಆ ಸೈಕಲ್ ಕಾಣುವುದಿಲ್ಲ, ಆದರೆ ಎಷ್ಟೋ ಅಂಗಡಿ ಇನ್ನೂ ಇವೆ. ಅಲ್ಲಿ ಸಣ್ಣ ವಾಲ್ವಿನ ತೆಳು ಟ್ಯೂಬ್ ಕೇಳಿದರೆ ಸಿಗುವುದಿಲ್ಲ. ಕಾರಟಗಿಯಲ್ಲಿ ರಾತ್ರಿ ಎಂಟಕ್ಕೆ ನಮಗೆ ಎರಡು ಟ್ಯೂಬ್ ಸಿಕ್ಕಿದ್ದು 26 ಇಂಚು ಆಗಿದ್ದಕ್ಕೇ.

ಗಂಗಾವತಿ ಕಡೆ ಡಿಸೆಂಬರ್ ಅಂದರೆ ಸುಗ್ಗಿ. ಅರ್ಧ ರಸ್ತೆಗೆ ಭತ್ತ ಹರಡಿ ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ಬೆಳಗಿನ ಜಾವ ಆ ಕಲ್ಲು ಕಾಣುವುದಿಲ್ಲ. ಭತ್ತದ ಮೇಲೆ ಹತ್ತಿದರೆ ಚಕ್ರ ಜಾರುತ್ತದೆ, ರೈತನ ಬೆಳೆಯೂ ಹಾಳು. ಹಾಗಾಗಿ ಆ ಭಾಗದಲ್ಲಿ ಬೆಳಕಾಗುವ ಮುಂಚೆ ಹೊರಡಲಿಲ್ಲ. ಟ್ರಾಲಿಗಳ ಕಾಟ ತಪ್ಪಿಸಲು ಒಂದು ದಿನ ಬೆಳಿಗ್ಗೆ ತುಂಗಭದ್ರಾ ಎಡದಂಡೆ ಕಾಲುವೆಯ ದಂಡೆ ದಾರಿ ಹಿಡಿದು ನೋಡಿದೆವು. ಏರಿಳಿತವೇ ಇಲ್ಲ, ಪಕ್ಕದಲ್ಲಿ ನೀರು, ಎಷ್ಟು ಚಂದ! ಆದರೆ ಗರಸು ಮಣ್ಣು, ಇಬ್ಬದಿಯೂ ಜಾಲಿ. ಎಂಟು ಹತ್ತು ಕಿಲೋಮೀಟರಿಗೆ ಐದು ಪಂಕ್ಚರ್. ಮತ್ತೆ ಡಾಂಬರಿಗೇ ಬಂದೆವು. ಜಾಲಿ ಕಡಿಸಿದ ವರ್ಷ ಇನ್ನೊಮ್ಮೆ ನೋಡಬೇಕು ಅಂತ ಆಸೆ ಇದೆ.

ಊಟಕ್ಕೆ ಬಾಳೆಹಣ್ಣು, ಬಿಸ್ಕೆಟ್ ನಂಬಲಿಲ್ಲ. ಪ್ರತಿಯೊಬ್ಬರ ಚೀಲದಲ್ಲೂ ಕಟಕ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮಾದಲಿ. ಮಾದಲಿ ವಾರಗಟ್ಟಲೆ ಕೆಡುವುದಿಲ್ಲ, ಗೋಧಿ, ಕಡಲೆ, ಬೆಲ್ಲ ಎಲ್ಲ ಅದರಲ್ಲೇ ಇದೆ. ಗಂಟೆಗೊಂದು ಮುಷ್ಟಿ ಸಾಕು. ದುಬಾರಿ ಎನರ್ಜಿ ಬಾರ್ ತಂದವರು ಎರಡನೇ ದಿನ ನನ್ನ ಡಬ್ಬಿಗೆ ಕೈ ಹಾಕಿದರು. ನೀರಿಗೆ ಉಪ್ಪು, ಬೆಲ್ಲ, ಲಿಂಬೆ, ಜೊತೆಗೆ ಇನ್ನೊಂದು ವಸ್ತು. ಅದೇನು ಅಂತ ಹೇಳುವುದಿಲ್ಲ. ಮಧ್ಯಾಹ್ನ ಗಿರಮಿಟ್, ಮಿರ್ಚಿ ಮಾತ್ರ ಬೇಡವೇ ಬೇಡ. ಕೊಪ್ಪಳ ದಾಟಿ ಒಂದು ಕಡೆ ತಿಂದು ಎರಡು ಗಂಟೆ ಯಾರೂ ಏಳಲಿಲ್ಲ.

ಕೊಪ್ಪಳದಿಂದ ಗದಗಿಗೆ ಬರುವಾಗ ಹೆದ್ದಾರಿ ಬಿಟ್ಟು ಇಟಗಿಗೆ ಹೋದೆವು. 1112ರ ಮಹಾದೇವ ದೇವಾಲಯ, ಶಾಸನದಲ್ಲೇ ‘ದೇವಾಲಯ ಚಕ್ರವರ್ತಿ’ ಅಂತ ಕರೆಸಿಕೊಂಡದ್ದು. ಸುತ್ತು ಜಾಸ್ತಿ ಆಯಿತು, ಆದರೆ ಹೆದ್ದಾರಿಯ ಲಾರಿಗಳಿಂದ ಅರ್ಧ ದಿನ ಬಿಡುವು ಸಿಕ್ಕಿತು. ಲಕ್ಕುಂಡಿಯಲ್ಲಿ ಒಂದು ಗಂಟೆ ಅಂತ ಇಟ್ಟದ್ದು ಮೂರು ಗಂಟೆ ಆಯಿತು. ನನಗೇನೂ ಬೇಸರ ಇಲ್ಲ.

ಗದಗ ದಾಟಿದ ಮೇಲೆ ನಿಜವಾದ ಎರೆ ಬಯಲು. ಅಣ್ಣಿಗೇರಿ, ನವಲಗುಂದ ಕಡೆ ಕಣ್ಣು ಹೋದಷ್ಟು ದೂರ ಕಡಲೆ, ಹಿಂಗಾರಿ ಜೋಳ, ಕುಸುಬೆ. ಎಳ್ಳಮಾವಾಸ್ಯೆ ಆ ಭಾಗದಲ್ಲಿ ಬರುವಂತೆ ದಿನ ಹೊಂದಿಸಿದ್ದೆ. ಅಂದು ಮನೆ ಮಂದಿಯೆಲ್ಲ ಹೊಲಕ್ಕೆ ಬಂದು ಚರಗ (ಭೂಮಿತಾಯಿಗೆ ಎಡೆ) ಚೆಲ್ಲಿ ಅಲ್ಲೇ ಉಣ್ಣುತ್ತಾರೆ. ದಾರಿಯಲ್ಲಿ ಹೋಗುವವರನ್ನು ಕೂಗಿ ಕರೆಯುತ್ತಾರೆ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಲೆ, ಶೇಂಗಾ ಹೋಳಿಗೆ. ಆ ದಿನ 40 ಕಿಲೋಮೀಟರಿಗಿಂತ ಜಾಸ್ತಿ ಲೆಕ್ಕ ಹಾಕಬೇಡಿ. ಅಮಾವಾಸ್ಯೆ ಆದ್ದರಿಂದ ಜಾವದಲ್ಲಿ ಬೆಳದಿಂಗಳೂ ಇಲ್ಲ, ಒಳ್ಳೇ ಲೈಟ್ ಬೇಕು.

ಅಲ್ಲೇ ಒಂದು ಪ್ರಯೋಗ ಮಾಡಿದೆ. ಹಿಂದಿನ ವಾರದ ಮಳೆಗೆ ಹೊಲದ ದಾರಿ ಇನ್ನೂ ಹಸಿ ಇತ್ತು. ಎರೆ ಮಣ್ಣು ಚಕ್ರಕ್ಕೆ ಅಂಟಿ ಫೋರ್ಕಿನಲ್ಲಿ (ಚಕ್ರ ಹಿಡಿಯುವ ಕವಲಿನಲ್ಲಿ) ಸಿಕ್ಕಿದರೆ ಸೈಕಲ್ ಹೊತ್ತೇ ಹೋಗಬೇಕು, ಗೊತ್ತಲ್ವಾ. ಒಂದು ಸೈಕಲ್ಲಿಗೆ ಶೇಂಗಾ ಎಣ್ಣೆ, ಒಂದಕ್ಕೆ ಹರಳೆಣ್ಣೆ ಫೋರ್ಕಿನ ಒಳಗೆ ಬಳಿದು, ಮಡ್‌ಗಾರ್ಡ್ ಬಿಚ್ಚಿ ಬಿಟ್ಟೆವು. ಶೇಂಗಾ ಎಣ್ಣೆ ನೂರು ಮೀಟರ್ ಕೂಡ ತಡೆಯಲಿಲ್ಲ. ಹರಳೆಣ್ಣೆ ನಾನೂರು ಮೀಟರ್ ಹತ್ತಿರ ತಡೆಯಿತು. ಬ್ರೇಕಿಗೆ ತಾಗದಂತೆ ಹಚ್ಚಬೇಕು, ಅದೊಂದು ಎಚ್ಚರ.

ದುಡ್ಡಿನ ಮಾತು. ಪೂರ್ತಿ ಏರ್ಪಾಟು ಮಾಡಿಕೊಡುತ್ತೇವೆ ಅಂದವರೊಬ್ಬರು ತಲೆಗೆ 14–15 ಸಾವಿರ ಕೇಳಿದ್ದರು. ನಮಗೆ ಬಿದ್ದದ್ದು ತಲೆಗೆ ಸುಮಾರು 2,600. ಅದರಲ್ಲಿ ಸುಮಾರು ಮೂರನೇ ಒಂದು ಪಾಲು ಸೈಕಲ್‌ಗಳನ್ನು ರಾಯಚೂರಿಗೆ ಒಯ್ದ ಪಿಕಪ್ ಗಾಡಿಯದು, ಒಟ್ಟು 12–13 ಸಾವಿರ. ನಾವು ಬಸ್ಸಿನಲ್ಲಿ ಹೋದೆವು, ಗುಂಪಿನ ಹೆಂಗಸರಿಗೆ ಶಕ್ತಿ ಯೋಜನೆಯಿಂದ ಟಿಕೆಟ್ ಖರ್ಚಿಲ್ಲ. ಮಠ, ಶಾಲೆ, ಒಂದು ಕಲ್ಯಾಣ ಮಂಟಪ, ಎಲ್ಲ ಸೇರಿ ತಲೆಗೆ 250ರ ಆಸುಪಾಸು. ಉಳಿದದ್ದು ಊಟ, ಟ್ಯೂಬ್. ಗಾಡಿಯವರು ಸೈಕಲ್‌ಗಳನ್ನು ಒಂದರ ಮೇಲೊಂದು ಒಟ್ಟಿ ಎರಡರ ಹಿಂದಿನ ಗೇರ್ ಹ್ಯಾಂಗರ್ (ಗೇರ್ ತೂಗುಹಾಕುವ ಲೋಹದ ತುಂಡು) ಬಗ್ಗಿಸಿದ್ದರು. ರಾಯಚೂರಿನಲ್ಲಿ ಆ ಬಿಡಿಭಾಗ ಸಿಗಲಿಲ್ಲ. ಇನ್ನೊಂದು ಸೈಕಲ್ಲಿನ ಹಿಂದಿನ ಚಕ್ರ ಬಿಚ್ಚಿ, ಅದರ ಆಕ್ಸಲ್ಲನ್ನು ಹ್ಯಾಂಗರಿನ ತೂತಿಗೇ ತಿರುಪಿ, ಎರಡೂ ಚಕ್ರ ಸಮ ಕಾಣುವವರೆಗೆ ನಿಧಾನ ಬಗ್ಗಿಸಿದೆ. ತಿರುಪು ಎರಡರದೂ ಒಂದೇ ಅಳತೆ. ಹತ್ತು ನಿಮಿಷದ ಕೆಲಸ, ಆ ಎರಡೂ ಸೈಕಲ್ ಹೆಬ್ಬಳ್ಳಿ ಊರಿನ ಮೇಲೆ ಹಾದು ಧಾರವಾಡದವರೆಗೆ ಗೇರ್ ತಪ್ಪದೆ ಬಂದವು.

ಮುಂದಿನ ಡಿಸೆಂಬರಿಗೆ ಗಾಡಿ ಖರ್ಚು ಅರ್ಧ ಮಾಡುವ ದಾರಿ ಹುಡುಕಿದ್ದೇನೆ. ಸುಗ್ಗಿಯಲ್ಲಿ ಭತ್ತ ತರಲು ಆ ಕಡೆ ಖಾಲಿ ಹೋಗುವ ಲಾರಿಗಳಿವೆ. ಯಾವ ಊರಿನಿಂದ, ಯಾವ ವಾರ ಅನ್ನುವುದನ್ನು ನಮ್ಮ ಜೊತೆ ಬರುವವರಿಗೆ ಮಾತ್ರ ಹೇಳುತ್ತೇನೆ. 26 ಇಂಚಿನ ಚಕ್ರ ಇದ್ದವರು ಹಳೇ ಟ್ಯೂಬನ್ನು ಈಗಿನಿಂದಲೇ ಬಿಸಾಡದೆ ಎತ್ತಿಡಿ.