ಶಾಲೆಯ ಆಡಳಿತ ಮಂಡಳಿಗೆ ಗೆದ್ದದ್ದು ಚಂದಾ ಬಾಕಿಯ ಪಟ್ಟಿ ಹಿಡಿದು

ಬ್ರಹ್ಮಾವರದ ಕಡೆಯ ನಮ್ಮ ಅನುದಾನಿತ ಕನ್ನಡ ಮಾಧ್ಯಮ ಶಾಲೆಯನ್ನು ನಡೆಸುವ ಸಂಘದ ಆಡಳಿತ ಮಂಡಳಿಗೆ ಈ ಸಲ ನಾನು ಆಯ್ಕೆಯಾಗಿದ್ದೇನೆ, ಅದೂ ಎಲ್ಲರಿಗಿಂತ ಹೆಚ್ಚು ಮತ ಪಡೆದು. "ಮಾಷ್ಟ್ರೇ, ಇದು ಪಾಠ ಹೇಳಿದ ಹಾಗಲ್ಲ" ಎಂದು ಮುಖಕ್ಕೇ ಹೇಳಿದವರಿದ್ದರು. ಎಸ್‌ಡಿಎಂಸಿ ಸಾಲದೇ ಎಂದವರೂ ಇದ್ದರು. ಅದು ಹೆತ್ತವರ ಸಮಿತಿ, ಅನುದಾನಿತ ಶಾಲೆಯಲ್ಲಿ ಅದರ ಮಾತು ಸಲಹೆಯ ಮಟ್ಟಕ್ಕೇ ನಿಲ್ಲುತ್ತದೆ. ಹಣದ ತೀರ್ಮಾನವೆಲ್ಲ ಆಡಳಿತ ಮಂಡಳಿಯದು. ನಾನು ನಿವೃತ್ತನಾದ ಹುದ್ದೆ ಇವತ್ತಿಗೂ ಭರ್ತಿಯಾಗಿಲ್ಲ. ಅಲ್ಲಿ ಗಣಿತ ಹೇಳುವ ಗೌರವ ಶಿಕ್ಷಕಿಗೆ ಏಳೆಂಟು ಸಾವಿರ ಸಂಬಳ, ಅದೂ ಎರಡು ಮೂರು ತಿಂಗಳಿಗೊಮ್ಮೆ ಸಿಗುತ್ತಿತ್ತು. ನಾನು ನಿಂತದ್ದು ಅದಕ್ಕೆ.

ಹಿಂದಿನ ಚುನಾವಣೆಯಲ್ಲಿ ಎಲ್ಲರ ದಾರಿಯನ್ನೇ ಹಿಡಿದಿದ್ದೆ. ಕರಪತ್ರ, ರಿಕ್ಷಾ ಬಾಡಿಗೆ, ಎರಡು ಸಭೆ, ಚಹಾ ತಿಂಡಿ ಸೇರಿ ಇಪ್ಪತ್ತೈದು ಸಾವಿರದ ಹತ್ತಿರ ಹೋಯಿತು. ಹದಿನೈದಿಪ್ಪತ್ತು ಮತಗಳಿಂದ ಸೋತೆ. ಮಹಾಸಭೆಯ ಬಾಗಿಲಲ್ಲಿ, ಸಂಘದ ಸದಸ್ಯರಾದ ನನ್ನ ಹಳೆಯ ವಿದ್ಯಾರ್ಥಿಗಳನ್ನು "ಚಂದಾ ಬಾಕಿ ಇದೆ, ಮತವಿಲ್ಲ" ಎಂದು ವಾಪಸು ಕಳುಹಿಸುತ್ತಿದ್ದರು. ನಮ್ಮ ಬೈಲಾದಲ್ಲಿ ಹಾಗೆಯೇ ಇದೆ, ತಕರಾರು ಎತ್ತುವಂತಿರಲಿಲ್ಲ.

ಹಾಗಾಗಿ ಈ ಸಲ ಮತ ಕೇಳಲು ಹೋಗಲೇ ಇಲ್ಲ. ಒಂದು ವರ್ಷ ಮೊದಲೇ ಲಿಖಿತ ಅರ್ಜಿ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡು, ಸದಸ್ಯರ ಪಟ್ಟಿಯ ಪ್ರತಿ ಪಡೆದೆ. ಸುಮಾರು ಮುನ್ನೂರೈವತ್ತು ಹೆಸರು. ನಲವತ್ತರಷ್ಟು ಜನ ತೀರಿಕೊಂಡವರು, ನೂರಕ್ಕೂ ಹೆಚ್ಚು ಜನ ಮುಂಬಯಿಯವರು, ಅರ್ಧಕ್ಕರ್ಧ ಬಾಕಿದಾರರು. ಚಂದಾ ವರ್ಷಕ್ಕೆ ನೂರು ರೂಪಾಯಿ, ಹೆಚ್ಚಿನವರ ಬಾಕಿ ಮುನ್ನೂರರಿಂದ ಐನೂರು. ಅಷ್ಟನ್ನು ತುಂಬಿಸಿದರೆ ಆಯಿತು ಎಂದು ನನ್ನ ಲೆಕ್ಕ. "ವಸೂಲಿಗೆ ಬಂದವನಿಗೆ ಯಾರು ಮತ ಹಾಕುತ್ತಾರೆ?" ಎಂದು ಸ್ನೇಹಿತರು ಕೇಳಿದರು.

ನೀವೂ ಹೀಗೆ ನಿಲ್ಲುವುದಾದರೆ, ಬಾಕಿದಾರರ ಚಂದಾವನ್ನು ನೀವೇ ಕಟ್ಟಬೇಡಿ. ಅದು ತಪ್ಪು, ಮತ್ತು ಪ್ರಯೋಜನವೂ ಇಲ್ಲ. ಕೈಯಿಂದ ನಾನೂರು ಕೊಟ್ಟವನು ಮಹಾಸಭೆಗೆ ತಪ್ಪದೆ ಬರುತ್ತಾನೆ.

ರಸೀದಿ ಪುಸ್ತಕ ಮುಗಿದಿದೆ ಎಂದು ಕಚೇರಿಯಲ್ಲಿ ತಿಂಗಳುಗಟ್ಟಲೆ ಅಲೆಸಿದರು. ಆಗ ಬ್ಯಾಂಕಿನ ದಾರಿ ಹಿಡಿದೆ. ಚಲನ್ ಬರೆದು, ಷರಾ ಜಾಗದಲ್ಲಿ ಸದಸ್ಯತ್ವ ಸಂಖ್ಯೆ ಹಾಕಿ, ಸಂಘದ ಖಾತೆಗೇ ಜಮಾ. ಮೊಹರು ಬಿದ್ದ ಪ್ರತಿ ಸದಸ್ಯರ ಕೈಯಲ್ಲಿ. ಮುಂಬಯಿಯವರ ಹಣ ಮಾತ್ರ ಮೊದಮೊದಲು ಹಿಂದಕ್ಕೆ ಹೋಗುತ್ತಿತ್ತು. ಸಂಘದ ಖಾತೆ ಇದ್ದದ್ದು 1906ರಲ್ಲಿ ಉಡುಪಿಯಲ್ಲೇ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕಿನಲ್ಲಿ. ಅದು 2020ರಲ್ಲಿ ಯೂನಿಯನ್ ಬ್ಯಾಂಕಿನೊಂದಿಗೆ ವಿಲೀನವಾಗಿದ್ದರೂ ಸಂಘದ ಹಳೆಯ ಲೆಟರ್‌ಹೆಡ್‌ನಲ್ಲಿ ಹಳೆಯ ಐಎಫ್‌ಎಸ್‌ಸಿ (ಬ್ಯಾಂಕ್ ಶಾಖೆಯ ಸಂಕೇತ) ಹಾಗೇ ಉಳಿದಿತ್ತು. ಹೊಸದನ್ನು ಬರೆದು ಕಳುಹಿಸಿದ ಮೇಲೆ ಸರಿಹೋಯಿತು.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಅರ್ಧ ಜನರಿಗೆ ವಾಟ್ಸಾಪ್, ಉಳಿದವರಿಗೆ ಐವತ್ತು ಪೈಸೆಯ ಪೋಸ್ಟ್ ಕಾರ್ಡ್. ವಾಟ್ಸಾಪಿಗೆ ಬಂದದ್ದು ಬರೀ ಕೈಮುಗಿದ ಚಿತ್ರ. ಕಾರ್ಡಿಗೆ ಹತ್ತರಲ್ಲಿ ಆರೇಳು ಜನ ಫೋನು ಮಾಡಿದರು. ಕಪ್ಪು ಹಲಗೆಯ ಮೇಲೆ ವರ್ಷಗಟ್ಟಲೆ ನೋಡಿದ ಅಕ್ಷರವನ್ನು ಅವರು ಮರೆತಿರಲಿಲ್ಲ. ಮಲ್ಪೆಯಲ್ಲಿ ಬಲೆ ಹೆಣೆಯುವ ಒಬ್ಬ, ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಮನೆಗೇ ಬಂದ. ಮಡಚಿದ ನೂರರ ನಾಲ್ಕು ನೋಟು ಮೇಜಿನ ಮೇಲಿಟ್ಟು, "ಬಾಕಿ ಇದೆಯೆಂದು ಇಷ್ಟು ವರ್ಷ ಯಾರೂ ಹೇಳಲೇ ಇಲ್ಲವಲ್ಲ ಸಾರ್" ಎಂದ. ಆ ನೋಟು ಮುಟ್ಟದೆ ಅವನನ್ನೇ ಬ್ಯಾಂಕಿಗೆ ಕರೆದುಕೊಂಡು ಹೋದೆ.

ಮುಂಬಯಿಯವರನ್ನು ಹಿಡಿಯಲು ಮೇ ತಿಂಗಳೇ ಸರಿ. ಮದುವೆ, ದೈವದ ಕೋಲ ಎಂದು ಊರಿಗೆ ಬಂದಿರುತ್ತಾರೆ. ಮಹಾಸಭೆ ಭಾನುವಾರವಾದ್ದರಿಂದ ಹನ್ನೆರಡು ಹದಿಮೂರು ಜನ ಮತ್ಸ್ಯಗಂಧ ರೈಲಿನಲ್ಲಿ ಬಂದಿಳಿದರು. ಅಷ್ಟು ಜನರನ್ನು ಹೇಗೆ ಹೊರಡಿಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಮುಂದಿನ ಅವಧಿಗೂ ಅದು ಬೇಕು.

ನನ್ನ ಖರ್ಚು ಒಟ್ಟು ಆರು ಸಾವಿರ ದಾಟಿಲ್ಲ. ಸಂಘಕ್ಕೆ ಬಂದ ಬಾಕಿ ನಲವತ್ತು ಸಾವಿರದ ಮೇಲೆ. ಮೊದಲ ಸಭೆಯಲ್ಲೇ ಆ ಹಣವನ್ನು ಗೌರವ ಶಿಕ್ಷಕರ ಸಂಬಳಕ್ಕೆಂದು ಮೀಸಲಿಡುವ ನಿರ್ಣಯ ಮಾಡಿಸಿದೆ. ಗಣಿತದ ಶಿಕ್ಷಕಿಗೆ ಈಗ ಪ್ರತಿ ತಿಂಗಳ ಐದರೊಳಗೆ ಸಂಬಳ ಸಿಗುತ್ತಿದೆ.