ಎಣ್ಣೆ ಗಿಂಡಿ ತೂಗಿದ ಮೇಲೆ ಲೆಕ್ಕ ಸರಿಹೋಯಿತು

ಎರಡು ತಿಂಗಳು ಒಂದು ಊಟವನ್ನೂ ಬಿಡದೆ ಕ್ಯಾಲೊರಿ ಲೆಕ್ಕದ ಆ್ಯಪ್‌ನಲ್ಲಿ ಬರೆದೆ. ದಿನಕ್ಕೆ 1500 ಕ್ಯಾಲೊರಿ ದಾಟುತ್ತಿರಲಿಲ್ಲ. ತೂಕ ಮಾತ್ರ ಅರ್ಧ ಕಿಲೋ ಕೂಡ ಇಳಿಯಲಿಲ್ಲ. ಮಂಡಿನೋವು ತೋರಿಸಲು ಹೋದಾಗ ಡಾಕ್ಟರು ಎಂಟು ಕಿಲೋ ಇಳಿಸಿ ಅಂದಿದ್ದರು, ನಾನೂ ಮನಸ್ಸಿಟ್ಟು ಮಾಡುತ್ತಿದ್ದೆ, ಆದ್ದರಿಂದ ಬೇಜಾರು ಜಾಸ್ತಿಯೇ ಆಯಿತು.

ಆಮೇಲೆ ಒಂದು ಸಂಜೆ ಕೂತು ನಾನು ಏನೇನು ಬರೆದಿದ್ದೇನೆ ಅಂತ ನೋಡಿದೆ. 'ಬದನೆಕಾಯಿ ಪಲ್ಯ, ಒಂದು ಬಟ್ಟಲು, 110.' ಯಾರ ಮನೆಯ ಬಟ್ಟಲು ಅದು? ಯಾವ ಪಲ್ಯ? ನಮ್ಮ ಕಲಬುರಗಿ ಕಡೆಯ ಎಣ್ಣೆಗಾಯಿಯಲ್ಲಿ ಬದನೆಕಾಯಿಗಿಂತ ಅದರ ಹೊಟ್ಟೆಯೊಳಗಿನ ಶೇಂಗಾ, ಎಳ್ಳು, ಕೊಬ್ಬರಿಯದೇ ಕಾರುಬಾರು, ಮೇಲೆ ತೇಲುವ ಎಣ್ಣೆ ಬೇರೆ. ಅದನ್ನು ಯಾರೋ ಎಲ್ಲೋ ತುಂಬಿಸಿಟ್ಟ 110ರಲ್ಲಿ ಮುಗಿಸಿದರೆ ಲೆಕ್ಕ ಹೇಗೆ ಕೂಡುತ್ತದೆ?

ಹಾಗಾಗಿ ಸೂಪರ್ ಮಾರ್ಕೆಟ್ ಕಡೆಯ ಪಾತ್ರೆ ಅಂಗಡಿಯಿಂದ ಒಂದು ಡಿಜಿಟಲ್ ತೂಕದ ಮಷಿನ್ ತಂದೆ. ತರುವಾಗ ಹತ್ತು ಕಿಲೋ ತೂಗುವುದನ್ನೇ ತನ್ನಿ. ಚಿಕ್ಕದಾದರೆ ಪಲ್ಯ ತುಂಬಿದ ಕಡಾಯಿ ಇಟ್ಟ ಕೂಡಲೇ ಕೈಕೊಡುತ್ತದೆ.

ಮಷಿನ್ ಬಂದರೂ ಅಡುಗೆ ನಮ್ಮ ಅತ್ತೆಯದು. ಗಿಂಡಿ ಬಗ್ಗಿಸಿದರೆ ಎಣ್ಣೆ ಎಲ್ಲಿಗೆ ನಿಲ್ಲಿಸಬೇಕು ಅಂತ ಅವರ ಕೈಗೆ ಗೊತ್ತು. ಮೊದಲ ದಿನ ನಾನು ಚಮಚ ಹಿಡಿದು ಪಕ್ಕದಲ್ಲಿ ನಿಂತೆ. "ಅಳತಿ ಮಾಡಿ ಹಾಕಿದ್ರ ಎಣ್ಣಿಗಾಯಿಗ ರುಚಿ ಬರಲ್ಲವ್ವಾ, ನೀ ಆಕಡಿ ಸರಿ" ಅಂದರು. ಅವರ ಮಾತು ಸುಳ್ಳಲ್ಲ. ಮೂವತ್ತು ವರ್ಷದ ಕೈಯನ್ನು ಚಮಚದಿಂದ ತಡೆಯುವುದು ನನಗೂ ಸರಿ ಅನ್ನಿಸಲಿಲ್ಲ.

ಮರುದಿನ ಬೇರೆ ದಾರಿ ಹಿಡಿದೆ. ಅಡುಗೆ ಶುರುವಾಗುವ ಮೊದಲೇ ಎಣ್ಣೆ ಗಿಂಡಿಯನ್ನು ಮಷಿನ್ ಮೇಲಿಟ್ಟು ತೂಕ ಬರೆದುಕೊಂಡೆ, 742 ಗ್ರಾಂ. ಅತ್ತೆ ತಮ್ಮ ಪಾಡಿಗೆ ಅಡುಗೆ ಮಾಡಿದರು. ಮುಗಿದ ಮೇಲೆ ಮತ್ತೆ ತೂಗಿದೆ, 657. ಎಣ್ಣೆಗಾಯಿಗೆ ಹೋದ ಎಣ್ಣೆ 85 ಗ್ರಾಂ, ಅಷ್ಟೇ ವಿಷಯ. ಶೇಂಗಾ ಡಬ್ಬಿ, ಎಳ್ಳಿನ ಡಬ್ಬಿ, ಬೆಲ್ಲದ ಡಬ್ಬಿ ಎಲ್ಲಕ್ಕೂ ಇದನ್ನೇ ಮಾಡಿದೆ. ಮೊದಲೊಮ್ಮೆ, ಆಮೇಲೊಮ್ಮೆ. ಅಡುಗೆ ಮಾಡುವವರಿಗೆ ಒಂದು ಮಾತು ಹೇಳುವ ಅಗತ್ಯವೂ ಇಲ್ಲ.

ಅವತ್ತಿನ ಲೆಕ್ಕ ಪೂರ್ತಿ ಹೇಳುತ್ತೇನೆ. ಬದನೆಕಾಯಿ 600 ಗ್ರಾಂ, ಸುಮಾರು 150 ಕ್ಯಾಲೊರಿ. ಶೇಂಗಾ 120 ಗ್ರಾಂ, 624. ಎಳ್ಳು ಮತ್ತು ಒಣಕೊಬ್ಬರಿ 20-20 ಗ್ರಾಂ, ಎರಡೂ ಸೇರಿ 245ರ ಹತ್ತಿರ. ಉಳ್ಳಾಗಡ್ಡಿ 200 ಗ್ರಾಂ, 90. ಬೆಲ್ಲ 15 ಗ್ರಾಂ, 57. ಎಣ್ಣೆ 85 ಗ್ರಾಂ, ಗ್ರಾಂಗೆ 9ರಂತೆ 765! ಹುಣಸೆಹಣ್ಣು ಮಸಾಲೆ ಸೇರಿ ಕಡಾಯಿಯಲ್ಲಿ ಇದ್ದದ್ದು 1950 ಕ್ಯಾಲೊರಿ. ಬೆಂದ ಮೇಲೆ ಕಡಾಯಿ ಸಮೇತ ತೂಗಿ, ಖಾಲಿ ಕಡಾಯಿಯ ತೂಕ ಕಳೆದರೆ ಪಲ್ಯ 1250 ಗ್ರಾಂ. ಅಂದರೆ 100 ಗ್ರಾಂಗೆ 156. ನಾನು ದಿನಾ ಹಾಕಿಕೊಳ್ಳುತ್ತಿದ್ದದ್ದು 180 ಗ್ರಾಂ, 280 ಕ್ಯಾಲೊರಿ. ನಾನು ಬರೆಯುತ್ತಿದ್ದದ್ದು 110.

ಇದನ್ನು ಆ್ಯಪ್‌ಗೆ ಹಾಕುವಾಗ ಒಂದು ಉಪಾಯವಿದೆ. ರೆಸಿಪಿ ಎಷ್ಟು ಜನಕ್ಕೆ ಅಂತ ಕೇಳುವ ಕಡೆ ನಾಲ್ಕು, ಐದು ಅಂತ ಬರೆಯಬೇಡಿ, ಬೆಂದ ಪಲ್ಯದ ತೂಕವನ್ನೇ, 1250 ಅಂತ ಬರೆಯಿರಿ. ಆಗ ಒಂದು ಪಾಲು ಅಂದರೆ ಒಂದು ಗ್ರಾಂ. 180 ಗ್ರಾಂ ತಿಂದರೆ 180 ಪಾಲು ಅಂತ ಹಾಕಿದರಾಯಿತು. ಅಷ್ಟು ದೊಡ್ಡ ಸಂಖ್ಯೆ ತಗೊಳ್ಳದಿದ್ದರೆ 12.5 ಅಂತ ಹಾಕಿ, ಒಂದು ಪಾಲು 100 ಗ್ರಾಂ ಆಗುತ್ತದೆ. ನಮ್ಮ ಮನೆಯ ಕಡಾಯಿ, ಕುಕ್ಕರ್, ಬೋಗಾಣಿಗಳ ಖಾಲಿ ತೂಕವನ್ನು ಒಂದು ಹಾಳೆಯಲ್ಲಿ ಬರೆದು ಕಪಾಟಿನ ಬಾಗಿಲ ಒಳಗೆ ಅಂಟಿಸಿದ್ದೇನೆ.

ಪ್ರತಿ ಪದಾರ್ಥದ ಕ್ಯಾಲೊರಿಗೆ ನಾನು ನಂಬುವುದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ತಂದ ಆಹಾರ ಕೋಷ್ಟಕ. ನಮ್ಮ ಜೋಳ, ತೊಗರಿ, ಶೇಂಗಾ ಎಲ್ಲ ಅದರಲ್ಲಿವೆ. ಆದರೆ ಅದರಲ್ಲಿ ಶಕ್ತಿ ಇರುವುದು ಕಿಲೋಜೌಲ್‌ನಲ್ಲಿ, 4.184ರಿಂದ ಭಾಗಿಸಿದರೆ ಕ್ಯಾಲೊರಿ ಬರುತ್ತದೆ. ಜೋಳಕ್ಕೆ 1398 ಅಂತಿರುತ್ತದೆ, ಅದನ್ನೇ ಕ್ಯಾಲೊರಿ ಅಂದುಕೊಂಡರೆ ಗಾಬರಿಯಾಗುತ್ತದೆ. ಭಾಗಿಸಿದರೆ 334.

ರೊಟ್ಟಿಯಲ್ಲಿ ನಾನು ಬಹಳ ದಿನ ಮೋಸ ಹೋದೆ. ಆ್ಯಪ್‌ನ 'ರೊಟ್ಟಿ' ಗೋಧಿಯದು, ಚಿಕ್ಕದು. ನಮ್ಮ ಅತ್ತೆ ಬಡಿಯುವ ಜೋಳದ ರೊಟ್ಟಿ ತಟ್ಟೆ ತುಂಬುತ್ತದೆ. ಹಿಟ್ಟಿನ ಡಬ್ಬಿ ತೂಗಿ, ಉಳಿದ ಉದುರು ಹಿಟ್ಟು ಕಳೆದು ಭಾಗಿಸಿದಾಗ ಒಂದಕ್ಕೆ 60 ಗ್ರಾಂ ಹಿಟ್ಟು, 200 ಕ್ಯಾಲೊರಿ. ಬಿಸಿ ರೊಟ್ಟಿ 90 ಗ್ರಾಂ ತೂಗುತ್ತದೆ, ಅದೇ ಹಿಟ್ಟಿನ ಖಡಕ್ ರೊಟ್ಟಿ ನೀರು ಆರಿ 65ಕ್ಕೆ ಬರುತ್ತದೆ. ಹಗುರ ಇದೆ ಅಂತ ಖಡಕ್ ರೊಟ್ಟಿಗೆ ಕಡಿಮೆ ಬರೆಯುತ್ತಿದ್ದೆ! ಹೋಗಿದ್ದು ನೀರು ಮಾತ್ರ ಅಲ್ವಾ, ಹಿಟ್ಟು ಅಷ್ಟೇ ಇದೆ. ಅದಕ್ಕೇ ರೊಟ್ಟಿಯನ್ನು ತೂಗುವುದು ಬಿಟ್ಟು ಎಣಿಸುತ್ತೇನೆ.

ಬೇಳೆಗೂ ಇದೇ ಮಾತು. 200 ಗ್ರಾಂ ತೊಗರಿ ಬೇಳೆ, ಒಗ್ಗರಣೆ 20 ಗ್ರಾಂ ಎಣ್ಣೆ, ಎಲ್ಲ ಸೇರಿ 890 ಕ್ಯಾಲೊರಿ, ಆದದ್ದು 1400 ಗ್ರಾಂ. 100 ಗ್ರಾಂಗೆ 64. ರಾತ್ರಿ ಉಳಿದ 500 ಗ್ರಾಂ ಬೆಳಿಗ್ಗೆ ಕುದಿಸಿದಾಗ 420 ಆಯಿತು, ಆಗ ಅದೇ 100 ಗ್ರಾಂ 76 ಆಗುತ್ತದೆ. ದಪ್ಪ ಮಾಡಿಕೊಂಡು ತಿನ್ನುವವರು ಮತ್ತೊಮ್ಮೆ ತೂಗಲೇಬೇಕು.

ಮಿರ್ಚಿ ಭಜಿ ಮಾಡಿದಾಗ ಎಣ್ಣೆ ಕಡಾಯಿಯನ್ನೇ ಮೊದಲು ತೂಗಿ, ಕರಿದು ಆರಿದ ಮೇಲೆ ಮತ್ತೆ ತೂಗಿದೆ. 20 ಭಜಿ 110 ಗ್ರಾಂ ಎಣ್ಣೆ ಕುಡಿದಿದ್ದವು. ಒಂದಕ್ಕೆ ಎಣ್ಣೆಯದೇ 50 ಕ್ಯಾಲೊರಿ, ಹಿಟ್ಟು ಬೇರೆ. ಪುಂಡಿಸೊಪ್ಪು, ಕೊತ್ತಂಬರಿ, ಖಾರ ಇವನ್ನೆಲ್ಲ ತೂಗುತ್ತಾ ಕೂರಬೇಡಿ, ಸುಮ್ನೆ ಸುಸ್ತು. ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ಮಾತ್ರ ಬಿಡಬೇಡಿ, ಅದರ ಮೇಲೆ ಹಾಕಿಕೊಳ್ಳುವ ಎಣ್ಣೆಯನ್ನೂ.

ಅತ್ತೆಯ ಅಡುಗೆ ಮೊದಲಿನಂತೆಯೇ ಇದೆ, ಎಣ್ಣೆಯೂ ಅಷ್ಟೇ. ನನ್ನ ತಟ್ಟೆಯ ಎಣ್ಣೆಗಾಯಿ 180ರಿಂದ 110 ಗ್ರಾಂಗೆ ಬಂದಿದೆ, ಮೂರು ರೊಟ್ಟಿ ಎರಡಾಗಿವೆ, ಪುಂಡಿಪಲ್ಯ ಮಜ್ಜಿಗೆ ಹೆಚ್ಚಾಗಿವೆ. ಐದು ತಿಂಗಳಲ್ಲಿ ಐದು ಕಿಲೋ ಇಳಿದಿದ್ದೇನೆ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ನಾಲ್ಕು ಮನೆಯ ಬುತ್ತಿ ಒಟ್ಟಿಗೆ ಬಿಚ್ಚುತ್ತಾರೆ, ಸೊಪ್ಪು-ಕಾಳು ಬೆರೆಸಿದ ಭಜ್ಜಿ ಪಲ್ಯ, ಸಜ್ಜೆ ರೊಟ್ಟಿ, ಕಡಬು. ಅವತ್ತು ಮಷಿನ್ ಮನೆಯಲ್ಲೇ ಇತ್ತು, ಆ್ಯಪ್‌ನಲ್ಲಿ ಏನೂ ಬರೆಯಲಿಲ್ಲ. ಮರುದಿನ ಬೆಳಿಗ್ಗೆ ಮತ್ತೆ ಗಿಂಡಿ ತೂಗಿದೆ.